ಬಿಚ್ಚಲೆಂದೇ ಕಟ್ಟಿದ ವಾದ್ಯ

ಈವರೆಗೆ ಸ್ಕ್ರೂಡ್ರೈವರ್ ಹಿಡಿದು ಅಭ್ಯಾಸವೇ ಇಲ್ಲದವರು ಹಳೆಯ ಬೇಸ್ ಗಿಟಾರೊಂದನ್ನು ತಾವೇ ಸರಿಮಾಡಲು ಹೊರಟರೆ, ಮನೆಯವರಿಂದ ಬರುವ ಮೊದಲ ಮಾತು ‘ಸುಮ್ಮನೆ ಹಾಳುಮಾಡಬೇಡ, ತಿಳಿದವರಿಗೆ ಕೊಡು’ ಎಂಬುದು. ಮಾತಿನಲ್ಲಿ ಕಾಳಜಿ ಇದೆ, ಆದರೆ ಈ ವಾದ್ಯದ ಮಟ್ಟಿಗೆ ಅದು ತಪ್ಪು. ಕೈಕೆಲಸಕ್ಕೆ ಹೊಸಬರಾದವರು ಕಲಿಯಲು ತೊಡಗಬಹುದಾದ ವಾದ್ಯಗಳಲ್ಲಿ ಬೇಸ್ ಗಿಟಾರಿಗಿಂತ ತಕ್ಕದ್ದು ಇನ್ನೊಂದಿಲ್ಲ ಎಂಬುದು ನನ್ನ ವಾದ. ಉಡುಪಿ ಜಿಲ್ಲೆಯ ಸಂತೆಕಟ್ಟೆ, ಕಲ್ಯಾಣಪುರ, ಕಾಪು, ಕಾರ್ಕಳದ ಕಡೆ ಈ ಪ್ರಶ್ನೆ ಬರಿಯ ಕಲ್ಪನೆಯೂ ಅಲ್ಲ. ಮಿಲಾಗ್ರಿಸ್, ಮೌಂಟ್ ರೋಸರಿಯಂಥ ಚರ್ಚುಗಳ ಗಾಯನ ತಂಡಗಳು, ಮದುವೆಯ ಮುನ್ನಾದಿನದ ರೋಸ್ ಶಾಸ್ತ್ರ, ಮರುದಿನದ ಆರತಕ್ಷತೆಯ ಬ್ಯಾಂಡು, ವಿಲ್ಫಿ ರೆಬಿಂಬಸ್ ಅವರ ‘ವಿಲ್ಫಿ ನಾಯ್ಟ್’ನಂಥ ಕೊಂಕಣಿ ಸಂಗೀತ ರಾತ್ರಿಗಳು, ಜಾತ್ರೆಯ ರಸಮಂಜರಿಗಳು ಕರಾವಳಿಯಲ್ಲಿ ಗಿಟಾರನ್ನು ಮನೆಮಾತಾಗಿಸಿವೆ. ಕೊಲ್ಲಿ ದೇಶಗಳಿಂದ ಊರಿಗೆ ಬಂದವರ ಸಾಮಾನಿನ ಜೊತೆಗೂ ವಾದ್ಯಗಳು ಬಂದವು. ಆಮೇಲೆ ಕೀಬೋರ್ಡಿನ ಕಾಲ. ಬೇಸ್ ವಾದಕನ ಕೆಲಸವನ್ನು ಕೀಬೋರ್ಡ್ ವಾದಕನ ಎಡಗೈಯೂ ಯಂತ್ರದ ತಾಳವೂ ಹಂಚಿಕೊಂಡವು, ನಾಲ್ಕು ದಪ್ಪ ತಂತಿಯ ಆ ಉದ್ದದ ಗಿಟಾರು ಅಟ್ಟ ಸೇರಿತು. ಅದು ಹೋದಾಗ ಏನು ಹೋಯಿತೆಂದು ತಿಳಿಯಬೇಕಾದರೆ 1981ರ ‘ಗೀತಾ’ ಚಿತ್ರಕ್ಕೆ ಇಳಯರಾಜ ಕೊಟ್ಟ ಹಾಡುಗಳನ್ನು ಒಳ್ಳೆಯ ಸ್ಪೀಕರಿನಲ್ಲಿ ಕೇಳಬೇಕು. ಗಾಯಕರ ದನಿಯ ಕೆಳಗೆ ಬೇಸ್ ತನ್ನದೇ ದಾರಿಯಲ್ಲಿ ನಡೆಯುತ್ತಾ ಇಡೀ ಹಾಡನ್ನು ಹೊತ್ತಿರುತ್ತದೆ.

ವಾದಕ್ಕೆ ಮೊದಲ ಆಧಾರ ಈ ವಾದ್ಯದ ಹುಟ್ಟಿನಲ್ಲೇ ಇದೆ. ಅಮೆರಿಕದ ಸಿಯಾಟಲ್‌ನಲ್ಲಿ ಪಾಲ್ ಟುಟ್‌ಮಾರ್ಕ್ 1930ರ ದಶಕದಲ್ಲೇ ವಿದ್ಯುತ್ ಬೇಸ್ ಒಂದನ್ನು ಮಾಡಿದ್ದರೂ ಅದು ಬಳಕೆಗೆ ಬರಲಿಲ್ಲ. ಇಂದು ನಾವು ಕಾಣುವ ಬೇಸ್ ಗಿಟಾರಿನ ಮೂಲರೂಪ ಲಿಯೊ ಫೆಂಡರ್ 1951ರಲ್ಲಿ ಮಾರಾಟಕ್ಕೆ ತಂದ ‘ಪ್ರಿಸಿಷನ್ ಬೇಸ್’. ಫೆಂಡರ್ ವಾದ್ಯ ಕಟ್ಟುವ ಮನೆತನದವರಲ್ಲ. 1938ರಲ್ಲಿ ಕ್ಯಾಲಿಫೋರ್ನಿಯಾದ ಫುಲರ್ಟನ್‌ನಲ್ಲಿ ರೇಡಿಯೊ ರಿಪೇರಿ ಅಂಗಡಿ ತೆರೆದವರು, ಗಿಟಾರು ನುಡಿಸುವುದನ್ನು ಕೊನೆಯವರೆಗೂ ಕಲಿಯಲಿಲ್ಲ. ಕೆಟ್ಟ ವಸ್ತುಗಳನ್ನು ದಿನವೂ ಬಿಚ್ಚಿ ನೋಡುತ್ತಿದ್ದವರ ಬುದ್ಧಿ ಅವರು ಮಾಡಿದ ಗಿಟಾರಿನಲ್ಲಿ ಎದ್ದು ಕಾಣುತ್ತದೆ. ಬಾಡಿ ಎಂದರೆ ಒಂದು ಗಟ್ಟಿ ಹಲಗೆ, ಒಳಗೆ ಟೊಳ್ಳಿಲ್ಲ. ನೆಕ್ಕನ್ನು ಅಂಟಿಸಿಲ್ಲ, ನಾಲ್ಕು ಸ್ಕ್ರೂಗಳಲ್ಲಿ ಬಿಗಿದಿದೆ. ಪಿಕಪ್, ವಾಲ್ಯೂಮ್, ಟೋನ್, ಜ್ಯಾಕ್ ಎಲ್ಲವೂ ಒಂದು ತಟ್ಟೆಯನ್ನು ಎತ್ತಿದರೆ ಕಣ್ಣಮುಂದೆ. ಸವೆದ ಭಾಗವನ್ನು ತೆಗೆದು ಹೊಸದನ್ನು ಕೂರಿಸುವುದು ಸುಲಭವಾಗಲಿ ಎಂಬುದೇ ಇಂಥ ರಚನೆಯ ಉದ್ದೇಶ. ಆಮೇಲೆ ಜಪಾನು, ಕೊರಿಯಾದವರು ಇದೇ ಮಾದರಿಯನ್ನು ಲಕ್ಷಗಟ್ಟಲೆ ಮಾಡಿದರು, ಕೋಲ್ಕತ್ತದ ಗಿವ್ಸನ್‌ನಂಥ ನಮ್ಮ ತಯಾರಕರೂ ಮಾಡಿದರು. ಹೀಗಾಗಿ ಅಟ್ಟದಿಂದ ಇಳಿದ ಬೇಸ್ ಯಾವ ಊರಿನದ್ದಾದರೂ ಅದರ ಒಳಗಿನ ಏರ್ಪಾಟು ಹೆಚ್ಚುಕಡಿಮೆ ಒಂದೇ.

ಬೇರೆ ವಾದ್ಯಗಳ ಪಕ್ಕದಲ್ಲಿಟ್ಟು ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ವೀಣೆಯ 24 ಮೆಟ್ಟಿಲುಗಳು ಮೇಣದ ಮೇಲೆ ಕೂತಿರುತ್ತವೆ, ಅವನ್ನು ಸ್ವರಕ್ಕೆ ಸರಿಯಾಗಿ ಕೂರಿಸಲು ಪಳಗಿದ ಕಿವಿಯೂ ವರ್ಷಗಳ ಅಭ್ಯಾಸವೂ ಬೇಕು. ಪಿಟೀಲಿನ ಮೇಲುಹಲಗೆ ತೆಳು, ಅವಸರಪಟ್ಟರೆ ಬಿರುಕು. ಟೊಳ್ಳು ಗಿಟಾರಿನ ಒಳಗಿನ ಅಡ್ಡಪಟ್ಟಿಗಳು ಬಿಟ್ಟುಕೊಂಡರೆ ಹೊಸಬರ ಕೈ ಅಲ್ಲಿಗೆ ತಲುಪುವುದೂ ಕಷ್ಟ. ಬೇಸ್ ಗಿಟಾರಾದರೋ ಅಳತೆಯ ತಪ್ಪನ್ನೂ ತಾಳಿಕೊಳ್ಳುತ್ತದೆ. ಅದರ ತಂತಿಯ ಉದ್ದ ಸಾಮಾನ್ಯವಾಗಿ 34 ಇಂಚು, ಅಂದರೆ 864 ಮಿ.ಮೀ. ಬ್ರಿಡ್ಜಿನ ಮೇಲೆ ತಂತಿ ಕೂರುವ ಜಾಗ ಒಂದು ಮಿ.ಮೀ. ಅತ್ತಿತ್ತ ಆಯಿತೆನ್ನಿ. ಬಿಡಿ ತಂತಿಯನ್ನು ಶ್ರುತಿಮಾಡಿದ ಮೇಲೆ 12ನೇ ಮೆಟ್ಟಿಲಿನಲ್ಲಿ, ಅಂದರೆ ಫ್ರೆಟ್‌ನಲ್ಲಿ, ಉಳಿಯುವ ದೋಷ ಒಂದು ಸ್ವರಸ್ಥಾನಕ್ಕೂ ಮುಂದಿನದಕ್ಕೂ ನಡುವಿನ ಅಂತರದ ಐವತ್ತನೇ ಒಂದು ಪಾಲು ಮಾತ್ರ, ಕಿವಿಗೆ ಗೊತ್ತಾಗುವುದಿಲ್ಲ. ಸುಮಾರು 345 ಮಿ.ಮೀ. ತಂತಿಯ ಪುಟ್ಟ ಯುಕುಲೆಲೆಯಲ್ಲಿ ಅದೇ ಒಂದು ಮಿ.ಮೀ. ತಪ್ಪು ಇಪ್ಪತ್ತನೇ ಒಂದು ಪಾಲಾಗುತ್ತದೆ, ಸೂಕ್ಷ್ಮ ಕಿವಿ ಅದನ್ನು ಹಿಡಿಯುತ್ತದೆ. ಚಿಕ್ಕ ವಾದ್ಯ ಎಂದರೆ ಚಿಕ್ಕ ಕೆಲಸ ಎಂದು ನಂಬಿದವರಿಗೆ ಈ ಲೆಕ್ಕವನ್ನು ತೋರಿಸಬೇಕು.

ಇಷ್ಟಾದರೂ ಬೇಸ್‌ಗಳು ಹೊಸಬರ ಕೈಯಲ್ಲಿ ಹಾಳಾಗುವುದುಂಟು, ಹಾಗಾಗುವುದು ಬಹುಪಾಲು ಒಂದೇ ಕಾರಣಕ್ಕೆ. ಅವರು ಮೊದಲು ಕೈಗೆತ್ತಿಕೊಳ್ಳುವುದು ಉಪ್ಪುಕಾಗದವನ್ನು. ಬಣ್ಣ ಮಾಸಿದೆ, ಅಂಚು ಕೆತ್ತಿಹೋಗಿದೆ, ಉಜ್ಜಿ ಗ್ಯಾರೇಜಿನಲ್ಲಿ ಸ್ಪ್ರೇ ಹೊಡೆಸಿದರೆ ಹೊಸದಾಗುತ್ತದೆ ಎಂಬ ಆಸೆ. ಆದರೆ ಗಿಟಾರು ನುಡಿಯದೇ ಇರುವುದಕ್ಕೂ ಬಣ್ಣಕ್ಕೂ ಯಾವ ಸಂಬಂಧವೂ ಇಲ್ಲ. ಉಜ್ಜಿದ ಮೇಲೆ ಹಿಂದಕ್ಕೆ ಬರುವ ದಾರಿಯೂ ಇಲ್ಲ. ನೆಕ್ ಕೂರುವ ಗುಂಡಿಯ ಒಳಗೆ ಅರ್ಧ ಮಿ.ಮೀ. ಮರ ಹೋದರೆ ನೆಕ್ಕಿನ ಕೋನವೇ ಬದಲಾಗುತ್ತದೆ. 1950–60ರ ದಶಕದ ಅಮೆರಿಕನ್ ಗಿಟಾರು ಅಪ್ಪಿತಪ್ಪಿ ಸಿಕ್ಕಿದ್ದೇ ಆದರೆ, ಮೂಲ ಬಣ್ಣ ತೆಗೆದೊಡನೆ ಅದರ ಬೆಲೆ ಪಾತಾಳಕ್ಕಿಳಿಯುತ್ತದೆ. ಮಣಿಪಾಲದಲ್ಲಿ ಈ ವಿವೇಕಕ್ಕೆ ದೊಡ್ಡ ಉದಾಹರಣೆಯೇ ಇದೆ. ವಿಜಯನಾಥ ಶೆಣೈ ಅವರು ಕುಕನೂರಿನ ಕಮಲ ಮಹಲ್, ಮಿಯಾರಿನ ಮನೆ ಮೊದಲಾದ ಹಳೆಯ ಕಟ್ಟಡಗಳನ್ನು ಬಿಚ್ಚಿ ತಂದು ಮತ್ತೆ ಜೋಡಿಸಿ ಹೆರಿಟೇಜ್ ವಿಲೇಜ್ ಕಟ್ಟಿದಾಗ, ಕಂಬಗಳ ಸವೆತವನ್ನು ಅಳಿಸಿ ಅವನ್ನು ಹೊಸದಾಗಿ ಕಾಣಿಸಬೇಕೆಂಬ ಹಟ ಅಲ್ಲಿರಲಿಲ್ಲ. ಕಟ್ಟಡ ನಿಲ್ಲಬೇಕು, ಮಳೆಗೆ ಸೋರಬಾರದು, ಅದರ ವಯಸ್ಸು ಕಾಣಬೇಕು. ಗಿಟಾರಿಗೂ ಇದೇ ಕ್ರಮ ಸಲ್ಲುತ್ತದೆ: ಹಿಂದಕ್ಕೆ ತೆಗೆದುಕೊಳ್ಳಬಹುದಾದ ಕೆಲಸ ಮೊದಲು, ಹಿಂದಿರುಗಲಾಗದ ಕೆಲಸ ಕೊನೆಗೆ, ಅಥವಾ ಎಂದಿಗೂ ಬೇಡ.

ನಮ್ಮ ಕಡೆಯ ಮೊದಲ ಶತ್ರು ತೇವ. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ 4,000 ಮಿ.ಮೀ.ಗೂ ಹೆಚ್ಚು ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಮೇಲಿಂದ ಕಡಲ ಉಪ್ಪುಗಾಳಿ. ನಾಲ್ಕೂ ತಂತಿಗಳನ್ನು ಶ್ರುತಿಗೆ ಏರಿಸಿದಾಗ ನೆಕ್ಕಿನ ಮೇಲೆ ಬೀಳುವ ಒಟ್ಟು ಎಳೆತ ಸುಮಾರು 70–80 ಕೆ.ಜಿ. ಅಟ್ಟದ ತೇವ ಕುಡಿದ ಮರ ವರ್ಷಗಟ್ಟಲೆ ಆ ಎಳೆತಕ್ಕೆ ಬಾಗುತ್ತದೆ. ಅದನ್ನು ನೆಟ್ಟಗಾಗಿಸಲೆಂದೇ ನೆಕ್ಕಿನೊಳಗೆ ಟ್ರಸ್ ರಾಡ್ ಎಂಬ ಉಕ್ಕಿನ ಸರಳಿದೆ, ಅದರ ತುದಿಯ ನಟ್ಟನ್ನು ಸಾಮಾನ್ಯವಾಗಿ ಅಲೆನ್ ಕೀಯಿಂದ ತಿರುಗಿಸಬೇಕು. ಒಮ್ಮೆಗೆ ಕಾಲು ಸುತ್ತು, ಆಮೇಲೆ ಒಂದು ರಾತ್ರಿ ಬಿಡಬೇಕು, ಮರ ತನ್ನ ಹೊಸ ನಿಲುವಿಗೆ ಬರಲು ಹೊತ್ತು ಬೇಕು. ಮೊದಲ ಮತ್ತು ಕೊನೆಯ ಫ್ರೆಟ್‌ಗಳ ಮೇಲೆ ತಂತಿಯನ್ನು ಒತ್ತಿ ಹಿಡಿದಾಗ ನಡುವೆ, ಏಳು–ಎಂಟನೇ ಫ್ರೆಟ್‌ನಲ್ಲಿ, ವಿಸಿಟಿಂಗ್ ಕಾರ್ಡ್ ತೂರುವಷ್ಟು ಸಂದು ಉಳಿದರೆ ಸಾಕು. ನಟ್ಟು ತಿರುಗದಿದ್ದರೆ ಬಲ ಹಾಕಬಾರದು, ಒಳಗಿನ ಸರಳು ತುಂಡಾದರೆ ಆ ನೆಕ್ ಮುಗಿದಂತೆ. ಗಿಟಾರಿನ ಇಡೀ ಕೆಲಸದಲ್ಲಿ ಹೊಸಬರು ನಿಜವಾಗಿ ಹೆದರಬೇಕಾದ ಜಾಗ ಇದೊಂದೇ ಎನ್ನಬಹುದು.

ಬೆರಳಾಡುವ ಹಲಗೆಯ ಬಗ್ಗೆ ಎರಡು ಮಾತು ಹೆಚ್ಚೇ ಹೇಳಬೇಕು. ಕಪ್ಪುಗೆಂಪು ಬಣ್ಣದ ಆ ಹಲಗೆ ಎಷ್ಟೋ ಗಿಟಾರುಗಳಲ್ಲಿ ನಮ್ಮ ಬೀಟೆ ಮರದ್ದು. ಫೆಂಡರ್ ಕಂಪನಿ 1959ರಲ್ಲಿ ಬೇಸ್‌ಗಳಿಗೆ ರೋಸ್‌ವುಡ್ ಹಾಕತೊಡಗಿದಾಗ ಬಳಸಿದ್ದು ಬ್ರೆಜಿಲ್‌ನ ಮರ. 1960ರ ದಶಕದ ಕೊನೆಗೆ ಬ್ರೆಜಿಲ್ ದಿಮ್ಮಿಗಳ ರಫ್ತು ನಿಲ್ಲಿಸಿದ ಮೇಲೆ ಜಗತ್ತಿನ ತಯಾರಕರು ಭಾರತದ ಬೀಟೆಯತ್ತ, ಎಂದರೆ ಮುಖ್ಯವಾಗಿ ದಕ್ಷಿಣದ ಕಾಡುಗಳತ್ತ ತಿರುಗಿದರು. 2017ರಿಂದ ಈ ಜಾತಿಯ ಮರಗಳ ಅಂತಾರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಬಿದ್ದಿದೆ, ಸಿದ್ಧ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಸಿಕ್ಕಿತು. ಪರದೇಶದ ವಾದ್ಯಕ್ಕೆ ಇಷ್ಟೊಂದು ಶ್ರಮ ಏಕೆ ಎಂದು ಕೇಳುವವರು ಈ ಹಲಗೆಯನ್ನು ಒಮ್ಮೆ ಮುಟ್ಟಿ ನೋಡಲಿ. ಘಟ್ಟದಲ್ಲಿ ಬೆಳೆದು, ಜಪಾನಿಗೆ ಹೋಗಿ ಗಿಟಾರಾಗಿ, ಕೊಲ್ಲಿಯ ದಾರಿಯಾಗಿ ಕಲ್ಯಾಣಪುರದ ಅಟ್ಟಕ್ಕೆ ಬಂದ ಮರ ಅದು ಆಗಿರಬಹುದು. ಅದರ ಮೇಲಿನ ಬೂಷ್ಟನ್ನು ಒಣಬಟ್ಟೆಯಿಂದ ಒರೆಸಬೇಕು. ಫ್ರೆಟ್‌ಗಳಲ್ಲಿ ತಾಮ್ರದ ಅಂಶ ಇರುವುದರಿಂದ ಹಸಿರು ಕಿಲುಬು ಕಟ್ಟಿರುತ್ತದೆ. ಹಾಗೆಂದು ಹಿತ್ತಾಳೆ ಪಾತ್ರೆಗೆ ಹಚ್ಚುವ ಹುಣಸೆಹುಳಿಯನ್ನು ಇಲ್ಲಿ ಹಚ್ಚಬಾರದು, ಹುಳಿ ಮರದೊಳಗೆ ಇಳಿಯುತ್ತದೆ. ತೆಂಗಿನೆಣ್ಣೆಯೂ ಬೇಡ, ಅದು ಕಮಟಾಗಿ ಇರುವೆ, ಬೂಷ್ಟು ಎರಡನ್ನೂ ಕರೆಯುತ್ತದೆ. ಮೆಡಿಕಲ್ ಅಂಗಡಿಯ ಲಿಕ್ವಿಡ್ ಪ್ಯಾರಾಫಿನ್ ನಾಲ್ಕು ಹನಿ ಸಾಕು.

ಮರದ ಕೆಲಸ ತಾಳ್ಮೆ ಕೇಳಿದರೆ ವಿದ್ಯುತ್ತಿನ ಕೆಲಸ ತರ್ಕ ಕೇಳುತ್ತದೆ, ಹೊಸಬರಿಗೆ ಹೆಚ್ಚು ಖುಷಿ ಕೊಡುವುದು ಇದೇ. ಹಳೆಯ ಬೇಸ್‌ಗಳಲ್ಲಿ ಬ್ಯಾಟರಿ ಇರುವುದು ಅಪರೂಪ. ಪಿಕಪ್‌ನಲ್ಲಿ ಅಯಸ್ಕಾಂತಕ್ಕೆ ಸುತ್ತಿದ ತಾಮ್ರದ ಸುರುಳಿಯ ಎದುರು ಉಕ್ಕಿನ ತಂತಿ ಅದುರಿದಾಗ ಹುಟ್ಟುವ ಅಲ್ಪ ವಿದ್ಯುತ್ತಷ್ಟೇ ಅಲ್ಲಿ ಹರಿಯುವುದು, ಮುಟ್ಟಿದರೆ ಅಪಾಯವಿಲ್ಲ. ಕೇಬಲ್ ಚುಚ್ಚಿ ಅದರ ಇನ್ನೊಂದು ತುದಿಗೆ ಮಲ್ಟಿಮೀಟರ್ ಇಟ್ಟು, ವಾಲ್ಯೂಮ್ ಪೂರ್ತಿ ತೆರೆದು ಅಳೆದರೆ ಸಾಮಾನ್ಯವಾಗಿ 5ರಿಂದ 12 ಕಿಲೊ ಓಮ್ ಒಳಗೆ ಒಂದು ಅಂಕಿ ಬರಬೇಕು. ಬಂದರೆ ಪಿಕಪ್ ಬದುಕಿದೆ. ಬರದಿದ್ದರೂ ಪಿಕಪ್ ಸತ್ತಿದೆ ಎಂದು ತೀರ್ಮಾನಿಸುವ ಮೊದಲು ಜ್ಯಾಕಿನ ಬಾಗಿದ ನಾಲಿಗೆಯನ್ನೂ ಬಿಟ್ಟುಕೊಂಡ ಬೆಸುಗೆಯನ್ನೂ ನೋಡಬೇಕು, ದೋಷ ಹೆಚ್ಚಾಗಿ ಸಿಗುವುದು ಅಲ್ಲೇ. ವಾಲ್ಯೂಮ್ ತಿರುಗಿಸಿದಾಗ ಕರಕರ ಎಂದರೆ ಒಳಗಿನ ಇಂಗಾಲದ ಪಟ್ಟಿ ಮಲಿನವಾಗಿದೆ, ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಹತ್ತಾರು ಬಾರಿ ತಿರುಗಿಸಿದರೆ ಬಹಳಷ್ಟು ಸಲ ಸರಿಹೋಗುತ್ತದೆ. ಇಲ್ಲವಾದರೆ ಅದನ್ನೇ ಬದಲಿಸಬಹುದು. ಬೆಸುಗೆ ಹಾಕುವ ಮೊದಲು ತಂತಿಗಳು ಎಲ್ಲಿಂದ ಎಲ್ಲಿಗೆ ಹೋಗಿವೆ ಎಂದು ಫೋಟೊ ತೆಗೆದಿಟ್ಟುಕೊಳ್ಳುವುದು ಜಾಣತನ.

ಆಂಪ್ಲಿಫೈಯರ್ ಮಾತ್ರ ಬೇರೆ ವಿಷಯ. ಗಿಟಾರಿನ ಜೊತೆ ಅಟ್ಟದಿಂದಿಳಿದ ಹಳೆಯ ಆಂಪ್ಲಿಫೈಯರನ್ನು ಹೊಸಬರು ಬಿಚ್ಚಲೇಬಾರದು, ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರ್‌ಗಳು ಪ್ರಾಣಾಂತಿಕ ವಿದ್ಯುತ್ತನ್ನು ಹಿಡಿದಿಟ್ಟಿರಬಹುದು. ಎರಡು ಪಿನ್ನಿನ ಪ್ಲಗ್ ಇದ್ದು ಅರ್ಥಿಂಗ್ ಇಲ್ಲದಿದ್ದರೆ ತಂತಿಯನ್ನೂ ಮೈಕನ್ನೂ ಒಟ್ಟಿಗೆ ಮುಟ್ಟಿದವರ ಮೈಯೇ ವಿದ್ಯುತ್ತಿಗೆ ದಾರಿಯಾದೀತು. ಮಳೆಗಾಲದ ಒದ್ದೆ ನೆಲದಲ್ಲಿ ಅಪಾಯ ಇಮ್ಮಡಿ. ಇದು ತಜ್ಞರ ಕೆಲಸ, ಇಲ್ಲಿ ವಾದವೇ ಬೇಡ.

ಹತ್ತು ಹದಿನೈದು ಸಾವಿರಕ್ಕೆ ಹೊಸ ಬೇಸ್ ಸಿಗುವಾಗ ಹಳೆಯದಕ್ಕೆ ತಲೆ ಕೆಡಿಸಿಕೊಳ್ಳುವುದೇಕೆ ಎಂಬ ಆಕ್ಷೇಪದಲ್ಲಿ ಸತ್ಯಾಂಶವಿದೆ. ಬರುವ ಭಾನುವಾರವೇ ಚರ್ಚಿನಲ್ಲಿ ನುಡಿಸಬೇಕಾದವರು ಹೊಸದನ್ನೇ ಕೊಳ್ಳಲಿ. ಬರಿಯ ಹಣದ ಲೆಕ್ಕದಲ್ಲಿ ಹಳೆಯದು ಯಾವಾಗಲೂ ಗೆಲ್ಲುವುದಿಲ್ಲ, ಬೇಸ್‌ನ ಒಂದು ಜೊತೆ ತಂತಿಗೇ ಸಾಮಾನ್ಯ ಗಿಟಾರಿನ ತಂತಿಗಿಂತ ಹೆಚ್ಚು ತೆರಬೇಕು. ಆದರೆ ಆ ಹೊಸ ಬೇಸ್ ಕೂಡ ಬದುಕಬೇಕಾದ್ದು ಇದೇ ಊರಿನ ಹವೆಯಲ್ಲಿ. ಮೊದಲ ಮಳೆಗಾಲ ಕಳೆಯುವಷ್ಟರಲ್ಲಿ ಅದರ ನೆಕ್ಕೂ ಅಲುಗುತ್ತದೆ, ಅದರ ಜ್ಯಾಕೂ ಕಿಲುಬು ಹಿಡಿಯುತ್ತದೆ. ಟ್ರಸ್ ರಾಡ್ ತಿರುಗಿಸಲು ಬಾರದವರು ಕರಾವಳಿಯಲ್ಲಿ ಯಾವ ಬೇಸನ್ನೂ ಹೆಚ್ಚು ಕಾಲ ಚೆನ್ನಾಗಿಟ್ಟುಕೊಳ್ಳಲಾರರು. ಹೇಗೂ ಕಲಿಯಲೇಬೇಕಾದ ವಿದ್ಯೆಯನ್ನು, ಈಗಾಗಲೇ ಮೂಲೆಗೆ ಬಿದ್ದ ವಾದ್ಯದ ಮೇಲೆ ಕಲಿಯುವುದು ಹೊಸದರ ಮೇಲೆ ಕಲಿಯುವುದಕ್ಕಿಂತ ವಿವೇಕದ್ದಲ್ಲವೇ?

ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರವಾದದ್ದು: ಎಲ್ಲರೂ ತಾವೇ ರಿಪೇರಿಗಿಳಿದರೆ ರಿಪೇರಿಯನ್ನೇ ನಂಬಿದವರ ಗತಿಯೇನು? ನಮ್ಮ ಚೆಂಡೆ, ಮದ್ದಳೆಗಳ ಲೋಕದಲ್ಲಿ ಇದಕ್ಕೆ ಉತ್ತರವಿದೆ. ಮಳೆಗಾಲಕ್ಕೆ ಮುಂಚೆ ಬರುವ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳ ತಿರುಗಾಟ ನಿಂತ ಮೇಲೆ ವಾದ್ಯಗಳ ದುರಸ್ತಿಗೆ ಬಿಡುವು ಸಿಗುತ್ತದೆ. ಬಾರು ಬಿಗಿಯುವುದು, ಶ್ರುತಿ ಕಾಯುವುದು ಮದ್ದಳೆಗಾರರ ದಿನನಿತ್ಯದ ಕೆಲಸ, ಹೊಸ ಚರ್ಮದ ಮುಚ್ಚಿಗೆ ಹಾಕಲು ಅವರು ಅದರ ಕಸುಬಿನವರಲ್ಲಿಗೆ ಹೋಗುತ್ತಾರೆ. ವಾದಕರು ತಮ್ಮ ಪಾಲಿನ ಕೆಲಸ ಮಾಡಿಕೊಂಡದ್ದರಿಂದ ಕಸುಬಿನವರಿಗೆ ನಷ್ಟವಾಗಿಲ್ಲ. ವಾದ್ಯಗಳು ಬಳಕೆಯಲ್ಲಿ ಉಳಿದದ್ದರಿಂದಲೇ ಅವರ ಕೆಲಸವೂ ಉಳಿದಿದೆ. ಬೇಸ್ ಗಿಟಾರಿನಲ್ಲೂ ಹೊಸಬರು ಮುಟ್ಟಬಾರದ ಕೆಲಸಗಳಿವೆ. ಸವೆದ ಫ್ರೆಟ್‌ಗಳನ್ನು ಕಿತ್ತು ಹೊಸದು ಹೊಡೆಯುವುದು, ತಿರುಚಿಕೊಂಡ ನೆಕ್, ತಲೆಭಾಗದ ಬಿರುಕು, ಕೂದಲಿಗಿಂತ ತೆಳುವಾದ ತಾಮ್ರದ ತಂತಿಯಿಂದ ಪಿಕಪ್ಪನ್ನು ಮರಳಿ ಸುತ್ತುವುದು. ಅಟ್ಟದಲ್ಲೇ ಒರಲೆ ತಿಂದು ಹೋದ ಗಿಟಾರಿನಿಂದ ಯಾವ ಕುಶಲಕರ್ಮಿಗೂ ಒಂದು ರೂಪಾಯಿ ಸಿಗುವುದಿಲ್ಲ. ಬಿಚ್ಚಿ, ಒರೆಸಿ, ಅಳೆದು, ‘ಪಿಕಪ್‌ನ ಒಂದು ಸುರುಳಿ ತುಂಡಾಗಿದೆ, ಉಳಿದದ್ದೆಲ್ಲ ಸರಿಯಿದೆ’ ಎಂದು ಹೇಳಬಲ್ಲವರು ಬಾಗಿಲಿಗೆ ಬಂದಾಗ ತಜ್ಞರ ಅರ್ಧ ದಿನ ಉಳಿಯುತ್ತದೆ, ಬಂದವರ ಹಣವೂ ಉಳಿಯುತ್ತದೆ.

ಕೆಲಸ ಮುಗಿದ ಗಿಟಾರನ್ನು ಮತ್ತೆ ಪೆಟ್ಟಿಗೆಯಲ್ಲಿಟ್ಟು ಅಟ್ಟಕ್ಕೇರಿಸಿದರೆ ಎರಡೇ ಮಳೆಗಾಲದಲ್ಲಿ ಮೊದಲಿನ ಸ್ಥಿತಿಗೆ ಬರುತ್ತದೆ. ಸ್ಪಂಜಿನ ಒಳಪದರದ ಪೆಟ್ಟಿಗೆ ತೇವವನ್ನು ಹಿಡಿದಿಡುತ್ತದೆ. ಮಳೆಗೆ ಮೈಯೊಡ್ಡಿದ ಮುರಕಲ್ಲಿನ ಹೊರಗೋಡೆಗೂ ಅದನ್ನು ಒರಗಿಸಬಾರದು. ಗಾಳಿಯಾಡುವ ಒಳಗೋಡೆಗೆ ತೂಗುಹಾಕಿ, ನುಡಿಸಿದ ಪ್ರತಿಸಲವೂ ತಂತಿಗಳ ಬೆವರು ಒರೆಸಿ, ಜೂನ್ ಕೊನೆಗೊಮ್ಮೆ, ಮಳೆ ಪೂರ್ತಿ ಹಿಂದೆ ಸರಿದ ಮೇಲೆ ನವೆಂಬರಿನಲ್ಲಿ ಇನ್ನೊಮ್ಮೆ ಆ ವಿಸಿಟಿಂಗ್ ಕಾರ್ಡಿನ ಸಂದನ್ನು ಪರೀಕ್ಷಿಸಿ, ಬೇಕಿದ್ದರೆ ನಟ್ಟನ್ನು ಕಾಲು ಸುತ್ತು ತಿರುಗಿಸಿದರೆ ಆಯಿತು.