ತೊಳೆದ ಮೇಲೂ ಯಾಕೀ ನಾತ?

ಪ್ರಶ್ನೆ: ಮಿರಜದ ನಮ್ಮ ಮನೆಯಲ್ಲಿ ಕೂಸಿನ ಬಟ್ಟೆ ಡಯಾಪರ್ ದಿನಾ ತೊಳೆದರೂ ನಾತ ಹೋಗುವುದಿಲ್ಲ, ಉಚ್ಚೆಯನ್ನೂ ಹೀರುವುದಿಲ್ಲ. ಯಾಕೆ?

ಉತ್ತರ: ಬೋರಿನ ನೀರಾದರೆ ಮೊದಲ ಅನುಮಾನ ಅದರ ಮೇಲೆಯೇ. ಸಾಂಗಲಿ ಕಡೆಯ ಕರಿಮಣ್ಣಿನ ಸೀಮೆಗೆ ಸವಳು ಹೊಸದಲ್ಲ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸಾಬೂನಿನೊಡನೆ ಸೇರಿ ಕರಗದ ಜಿಗುಟಾಗಿ ನೂಲಿಗೆ ಅಂಟುತ್ತವೆ; ಬಟ್ಟೆ ಹೀರುವುದನ್ನೇ ಬಿಡುತ್ತದೆ. ಅದರಲ್ಲಿ ಉಳಿದ ಉಚ್ಚೆಯ ಯೂರಿಯಾವನ್ನು ಬ್ಯಾಕ್ಟೀರಿಯಾಗಳು ಅಮೋನಿಯಾ ಮಾಡುತ್ತವೆ. ಮೂಗಿಗೆ ಬಡಿಯುವುದು ಅದೇ.

ಕೃಷ್ಣೆಯ ನಳದ ನೀರು ಬಂದಾಗ ಮೊದಲು ತಣ್ಣೀರಲ್ಲಿ ಜಾಲಾಡಿ, ಆಮೇಲೆ ಬಿಸಿನೀರಿಗೆ ಡಿಟರ್ಜೆಂಟ್ ಪುಡಿ ಹಾಕಿ ಒಗೆಯಿರಿ. ನೊರೆ ಪೂರ್ತಿ ಹೋಗಲಿ. ಬಟ್ಟೆ ಮೆತ್ತಗಾಗಿಸುವ ದ್ರವ ಬೇಡವೇ ಬೇಡ, ಅದೂ ನೂಲಿಗೆ ಲೇಪವಾಗುತ್ತದೆ. ಅಜ್ಜಿಯರ ಹಳೇ ಧೋತರದ ಲಂಗೋಟಿ ಬಿಡಿಸಿ ಹರವಿದರೆ ಒಂದೇ ಪದರ, ಬೇಗ ಒಣಗುತ್ತಿತ್ತು. ಇಂದಿನ ದಪ್ಪ ಒಳಪದರಕ್ಕೆ ಆಷಾಢದ ಜಿಟಿಜಿಟಿಯಲ್ಲಿ ಫ್ಯಾನೂ ಬೇಕು.