ಕಂಡದ್ದು ಯಾವುದು, ಕೇಳಿದ್ದು ಯಾವುದು?

ಉಪ್ಪಿನಕಾಯಿಗೆ ಹೆಚ್ಚಿದ ಮಾವಿನ ಹೋಳಿಗೆ ತೊಟ್ಟು ನೀರೂ ಸೋಕಕೂಡದೆಂದು, ನಲವತ್ತು ವರ್ಷ ಜಾಡಿ ತುಂಬಿದ ಅಜ್ಜಿಯು ಹೇಳಿದರೆ, ಅದಕ್ಕೆ ಆಧಾರವೇನೆಂದು ಯಾರೂ ಕೇಳುವುದಿಲ್ಲ. ಆಕೆಯ ಕೈಯೇ ಆಧಾರ, ಜಾಡಿಯೇ ಸಾಕ್ಷಿ. ಆದರೆ ಅದೇ ಅಜ್ಜಿಯು ಎಳೆಗೂಸಿಗೆ ಇಂಥ ಔಷಧವನ್ನು ಇಷ್ಟು ಕೊಡಿರೆಂದರೆ, ಅನುಭವವೊಂದೇ ಸಾಕೆ? ಆರೋಗ್ಯ, ಶಿಶುಪೋಷಣೆಗಳನ್ನು ಕುರಿತು ಬರೆಯುವವರೆಲ್ಲರೂ ಈ ಪ್ರಶ್ನೆಯನ್ನು ತಮಗೆ ತಾವೇ ಹಾಕಿಕೊಳ್ಳತಕ್ಕದ್ದೆಂದು ನಾವು ಭಾವಿಸುತ್ತೇವೆ.

ಅಮೆರಿಕಾ ದೇಶದ ವೈದ್ಯರಾದ ಬೆಂಜಮಿನ್ ಸ್ಪಾಕ್ ಎಂಬವರು 1946ರಲ್ಲಿ ಪ್ರಕಟಿಸಿದ ಶಿಶುಪೋಷಣೆಯ ಪುಸ್ತಕವು ಲಕ್ಷಾಂತರ ಮನೆಗಳನ್ನು ಸೇರಿತು. ಅಂಗಾತ ಮಲಗಿದ ಕೂಸಿಗೆ ವಾಂತಿಯಾದರೆ ಉಸಿರು ಕಟ್ಟೀತೆಂದು ಯೋಚಿಸಿ, ಬೋರಲಾಗಿ ಮಲಗಿಸುವುದೇ ಮೇಲೆಂದು ಅದರ 1958ರ ಆವೃತ್ತಿಯಲ್ಲಿ ಅವರು ಬರೆದರು. ಬರೆದವರು ಅನುಭವಿಗಳು, ಉದ್ದೇಶವು ಒಳ್ಳೆಯದು, ಯುಕ್ತಿಯೂ ಒಪ್ಪುವಂತಿತ್ತು. ತಾಯಂದಿರು ನಂಬಿದರು. ಆದರೆ ನಿದ್ರೆಯಲ್ಲಿಯೇ ಹಠಾತ್ತಾಗಿ ತೀರಿಕೊಂಡ ಶಿಶುಗಳನ್ನೂ ಬದುಕಿದ ಶಿಶುಗಳನ್ನೂ ಹೋಲಿಸಿ ಲೆಕ್ಕ ಹಾಕಿದಾಗ, ಬೋರಲು ಮಲಗಿದವುಗಳಿಗೇ ಅಪಾಯ ಹೆಚ್ಚೆಂದು ತಿಳಿದುಬಂದಿತು. ಆ ದೇಶದಲ್ಲಿ 1994ರಲ್ಲಿ, ಕೂಸನ್ನು ಅಂಗಾತ ಮಲಗಿಸಿರೆಂಬ ಪ್ರಚಾರವು ಆರಂಭವಾಯಿತು. ಕೆಲವೇ ವರ್ಷಗಳಲ್ಲಿ ಅಂಥ ಮರಣಗಳ ಪ್ರಮಾಣವು ಸುಮಾರು ಅರ್ಧಕ್ಕೆ ಇಳಿಯಿತು. ಪ್ರಕಟವಾಗಿದ್ದ ಲೆಕ್ಕಗಳನ್ನು ಒಟ್ಟುಗೂಡಿಸಿ ನೋಡಿದ್ದರೆ 1970ರ ವೇಳೆಗೇ ಈ ಅಪಾಯವು ತಿಳಿಯುತ್ತಿತ್ತೆಂದು, 2005ರ 'ಇಂಟರ್‌ನ್ಯಾಷನಲ್ ಜರ್ನಲ್ ಆಫ್ ಎಪಿಡೆಮಿಯಾಲಜಿ' ಪತ್ರಿಕೆಯ ಲೇಖನವೊಂದು ತೋರಿಸಿತು. ನಡುವೆ ಕಳೆದ ವರ್ಷಗಳಲ್ಲಿ ಬರಿದಾದ ತೊಟ್ಟಿಲುಗಳನ್ನು ನೆನೆದರೆ ಎದೆ ಮರುಗುವುದು.

ಅನುಭವವು ಇಲ್ಲಿ ಏಕೆ ಸೋತಿತು? ಈ ಮರಣವು ಆಗ ಸಾವಿರ ಶಿಶುಗಳಲ್ಲಿ ಒಂದೆರಡಕ್ಕೆ ಮಾತ್ರ ಬರುತ್ತಿತ್ತು. ಬೋರಲು ಮಲಗಿ ಸುಖವಾಗಿ ಬೆಳೆದ ನೂರಾರು ಮಕ್ಕಳನ್ನು ಕಂಡ ವೈದ್ಯನಿಗೆ ತನ್ನ ಮಾತು ಸರಿಯೆಂದೇ ತೋರುವುದು. ಒಬ್ಬರ ಕಣ್ಣಿಗೆ ಬೀಳದ್ದು ಬಹುಜನರ ಲೆಕ್ಕದಲ್ಲಿ ಬೀಳುವುದು.

ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದವೆಂದು ನಮ್ಮ ನೈಯಾಯಿಕರು ಪ್ರಮಾಣಗಳನ್ನು ಬೇರೆಬೇರೆಯಾಗಿ ಎಣಿಸಿದರು. ಬರೆಯುವವರೂ ತಾವು ಕಂಡದ್ದನ್ನು, ಊಹಿಸಿದ್ದನ್ನು, ಓದಿದ್ದನ್ನು ಬೇರೆಯಾಗಿಯೇ ಇಡಬೇಕು. ಅಡಿಗೆ, ಹೊಲಿಗೆಗಳಲ್ಲಿ ತಪ್ಪು ಬೇಗನೆ ತೋರುವುದು, ತಿದ್ದಲೂ ಬರುವುದು; ಅಲ್ಲಿ ಸ್ವಾನುಭವ ಸಾಕು, ಗ್ರಂಥಗಳ ಹೆಸರು ಬರಿಯ ಆಡಂಬರ. ಎಲ್ಲಿ ಕೇಡು ತಡವಾಗಿ ತೋರುವುದೋ, ಸಾವಿರಕ್ಕೊಬ್ಬರಿಗೆ ಮಾತ್ರ ತಟ್ಟುವುದೋ, ಓದುವವರು ತಾವೇ ಪರೀಕ್ಷಿಸಲಾರರೋ, ಅಲ್ಲಿ ಯಾರು, ಎಂದು, ಎಷ್ಟು ಜನರನ್ನು ನೋಡಿ ಹೇಳಿದರೆಂಬುದನ್ನು ತಿಳಿಸಲೇಬೇಕು. "ವಿಜ್ಞಾನಿಗಳು ಹೇಳುತ್ತಾರೆ" ಎಂಬುದು ಆಧಾರವಲ್ಲ. ಅದು ಬೀದಿಯ ಮಾತು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡೆಂಬುದು ನಮ್ಮ ಹಿರಿಯರ ಗಾದೆ. ವಾಚಕರೂ "ಇದನ್ನು ಹೇಗೆ ಬಲ್ಲಿರಿ?" ಎಂದು ಕೇಳಲು ಸಂಕೋಚಪಡಬಾರದು. ಉತ್ತರವಿದ್ದವರಿಗೆ ಆ ಪ್ರಶ್ನೆಯಿಂದ ಕೋಪ ಬಾರದು.