ಎಡೆಮಟ್ಟೆ ಗಾಲ್ಫ್, ಹಿನ್ನೀರ ದ್ವೀಪ

‘ಲೋ, ಯಾವುದಾದ್ರೂ ದ್ವೀಪಕ್ಕೆ ಹೋಗಿ ಗಾಲ್ಫ್ ಆಡೋಣ್ವಾ?’

ಹಾಸ್ಟೆಲ್ ಮಂಚದ ಮೇಲೆ ಮಲಗಿ ಮೊಬೈಲ್ ಉಜ್ಜುತ್ತಿದ್ದ ಹಾಸನ ಹೀಗೆ ಕೇಳಿದಾಗ ನಾವು ಮೂವರೂ ನಕ್ಕೆವು. ಹಾಸನ ಅಂದರೆ ಊರಲ್ಲ, ನನ್ನ ಗೆಳೆಯ. ಬೆಂಗಳೂರಿನಲ್ಲಿ ಬಿ.ಇ. ಓದುತ್ತಿರುವ ನಾವು ನಾಲ್ವರೂ ಒಂದೇ ಜಿಲ್ಲೆಯವರು, ಒಂದೇ ರೂಮಿನವರು. ಮೊದಲ ದಿನವೇ ಊರಿನ ಹೆಸರುಗಳು ನಮಗೆ ಅಂಟಿಕೊಂಡವು. ಒಬ್ಬ ಹಾಸನ, ಒಬ್ಬ ಅರಕಲಗೂಡು. ಹೊಳೆನರಸೀಪುರ ತುಂಬಾ ಉದ್ದವಾಯಿತೆಂದು ಬರೀ ‘ಹೊಳೆ’. ಚನ್ನರಾಯಪಟ್ಟಣದ ನಾನು ‘ಪಟ್ಣ’.

ಹಾಸನ ತೋರಿಸಿದ ರೀಲ್‌ನಲ್ಲಿ ನಾಲ್ವರು ಗೆಳೆಯರು ವಿಮಾನದಿಂದಿಳಿದು, ಸಮುದ್ರದ ನಡುವಿನ ಹಸಿರು ದ್ವೀಪದಲ್ಲಿ ಬಿಳಿ ಟೋಪಿ ಹಾಕಿಕೊಂಡು ಗಾಲ್ಫ್ ಆಡುತ್ತಿದ್ದರು. ಖರ್ಚು ವಿಚಾರಿಸಿದರೆ ನಮ್ಮ ನಾಲ್ವರ ಫೀಸೂ ಸಾಲದು! ಗಾಲ್ಫ್ ಬಗ್ಗೆ ನಮಗೆ ಗೊತ್ತಿದ್ದದ್ದೂ ಅಷ್ಟರಲ್ಲೇ ಇತ್ತು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಸ್ವಲ್ಪದರಲ್ಲೇ ಪದಕ ತಪ್ಪಿ ನಾಲ್ಕನೆಯವರಾದಾಗ ಬೆಳಿಗ್ಗೆ ಬೇಗ ಎದ್ದು ನೋಡಿದ್ದೆವು. 1876ರಲ್ಲಿ ಶುರುವಾದ ಬೆಂಗಳೂರು ಗಾಲ್ಫ್ ಕ್ಲಬ್‌ನ ಕಾಂಪೌಂಡನ್ನು ಬಸ್ಸಿನ ಕಿಟಕಿಯಿಂದ ಕಂಡಿದ್ದೆವು. ಮುಗಿಯಿತು.

‘ದ್ವೀಪ ತಾನೇ ಬೇಕು? ಗೊರೂರು ಹಿನ್ನೀರಲ್ಲಿ ಬೇಕಾದಷ್ಟಿವೆ’ ಎಂದ ಹೊಳೆ. ಯುಗಾದಿ ರಜೆ ಹತ್ತಿರದಲ್ಲೇ ಇತ್ತು. ಸಲಕರಣೆಯ ಜವಾಬ್ದಾರಿ ನನ್ನ ತಲೆಗೆ ಬಿತ್ತು. ನಮ್ಮದು ತೆಂಗಿನ ತೋಟ. ಚಿಕ್ಕಂದಿನಲ್ಲಿ ಕ್ರಿಕೆಟ್ ಬ್ಯಾಟು ಕೆತ್ತಿಕೊಳ್ಳುತ್ತಿದ್ದ ಎಡೆಮಟ್ಟೆಯಲ್ಲೇ ನಾಲ್ಕು ಗಾಲ್ಫ್ ಕೋಲು ಕೆತ್ತಿದೆ. ನಿಜವಾದ ಗಾಲ್ಫ್ ಗುಂಡಿ 108 ಮಿಲಿಮೀಟರ್ ಅಗಲವಂತೆ. ತೆಂಗಿನ ಚಿಪ್ಪೂ ಹೆಚ್ಚುಕಡಿಮೆ ಅಷ್ಟೇ. ಒಂಬತ್ತು ಚಿಪ್ಪು, ಎರಡು ಟೆನಿಸ್ ಚೆಂಡು, ಒಂದು ಪುಟ್ಟ ಗುದ್ದಲಿ ಚೀಲಕ್ಕೆ ಸೇರಿದವು.

ವರ್ಷತೊಡಕಿನ ಮಾರನೇ ದಿನ ಎರಡು ಬೈಕಿನಲ್ಲಿ ಹೊರಟೆವು. ಹಾಸನದಿಂದ ಸುಮಾರು 20 ಕಿಲೋಮೀಟರ್ ಹೋದರೆ ಶೆಟ್ಟಿಹಳ್ಳಿ. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿದ ಚರ್ಚು ಅಲ್ಲಿ ಚಾವಣಿಯಿಲ್ಲದೆ ನಿಂತಿದೆ. ಮಳೆಗಾಲದಲ್ಲಿ ಅರ್ಧ ಮುಳುಗಿ ಫೋಟೊಗೆ ಪೋಸು ಕೊಡುವ ಅದು ಬೇಸಿಗೆಯಲ್ಲಿ ಒಣನೆಲದ ಮೇಲಿರುತ್ತದೆ. ಅದನ್ನು ದಾಟಿ ಹಿನ್ನೀರಿನಂಚಿನಲ್ಲೇ ಇನ್ನಷ್ಟು ನಡೆದಾಗ ಒಂದು ದಿಬ್ಬ ಸಿಕ್ಕಿತು. ಮಳೆ ಬಂದರೆ ಸುತ್ತಲೂ ನೀರು, ಪೂರ್ತಿ ನಡುಗಡ್ಡೆ. ಈಗ ಮೂರು ಕಡೆ ನೀರು, ಒಂದು ಕಡೆ ನಡೆದುಹೋಗುವಷ್ಟು ಒಣಗಿದ ಕೆಸರು. ನೀರು ಸರಿದ ಜಾಗದಲ್ಲೆಲ್ಲ ಕಾಲಿಗೆ ಮೆತ್ತಗೆ ತಾಗುವ ಎಳೆ ಗರಿಕೆ. ರೀಲ್‌ನ ದ್ವೀಪಕ್ಕಿಂತ ಇದೇ ಚೆನ್ನಾಗಿತ್ತು, ದೇವರಾಣೆ!

ಆಟ ಶುರುವಾಯಿತು. ಹಾಸನನ ಮೊದಲ ಹೊಡೆತಕ್ಕೆ ಚೆಂಡಿನ ಬದಲು ಹೆಂಟೆ ಹಾರಿತು. ಫ್ಲೂಯಿಡ್ ಮೆಕ್ಯಾನಿಕ್ಸ್ ಬ್ಯಾಕ್‌ಲಾಗ್ ಉಳಿಸಿಕೊಂಡಿರುವ ಹೊಳೆ ನಮಗೆ ಪಾಠ ಶುರುಮಾಡಿದ: ‘ಗಾಲ್ಫ್ ಚೆಂಡಿನ ಮೈಮೇಲೆ ಗುಳಿ ಯಾಕಿರ್ತವೆ ಗೊತ್ತಾ? ಗುಳಿಯಿದ್ದರೆ ಗಾಳಿಯ ಪದರ ಚೆಂಡನ್ನು ಬೇಗ ಬಿಟ್ಟುಹೋಗಲ್ಲ, ಹಿಂದಕ್ಕೆಳೆಯೋ ಬಲ ಕಡಿಮೆಯಾಗುತ್ತೆ, ಚೆಂಡು ಬಹಳ ದೂರ ಹೋಗುತ್ತೆ.’ ‘ಇದನ್ನೇ ಪರೀಕ್ಷೇಲಿ ಬರೆಯಬಾರದಿತ್ತಾ?’ ಎಂದೆವು. ದನ ಮೇಯಿಸುತ್ತಿದ್ದ ತಾತ ಒಬ್ಬರು ಸ್ವಲ್ಪ ಹೊತ್ತು ನೋಡಿ, ‘ಚಿನ್ನಿದಾಂಡು ಆಡಾಕೆ ಬೆಂಗ್ಳೂರಿಂದ ಬಂದ್ರಾ?’ ಎಂದು ಕೇಳಿ ನಗುತ್ತಾ ಹೋದರು.

ಐದನೇ ಗುಂಡಿಗೆ ನಾನು ಬೀಸಿದ ಚೆಂಡು ಇಳಿಜಾರಿನಲ್ಲಿ ಉರುಳಿ ನೀರಂಚಿಗೆ ಹೋಯಿತು. ತರಲು ಹೋದ ಅರಕಲಗೂಡು ಎಷ್ಟು ಹೊತ್ತಾದರೂ ಬರಲಿಲ್ಲ. ಹೋಗಿ ನೋಡಿದರೆ ಒಂದು ಒರಳುಕಲ್ಲಿನ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ. ಚೆಂಡು ಒರಳಿನ ಗುಳಿಯೊಳಗೇ ಇತ್ತು. ‘ಹೋಲ್ ಇನ್ ಒನ್!’ ಎಂದು ನಾನು ಕಿರುಚಿದೆ. ಅವನು ನಗಲಿಲ್ಲ. ಆಗಲೇ ನಮಗೆ ಕಂಡಿದ್ದು, ಒರಳಿನ ಹಿಂದೆ ಸಾಲಾಗಿ ಜೋಡಿಸಿದ ಕಲ್ಲುಗಳು, ಒಂದು ಗೋಡೆಯ ಪಾಯ. ಯಾರದೋ ಮನೆ. ನಾವು ಯಾರದೋ ಅಡುಗೆಮನೆಯಲ್ಲಿ ಗಾಲ್ಫ್ ಆಡುತ್ತಿದ್ದೆವು.

‘ನಮ್ಮಜ್ಜಿ ಊರೂ ಹಿಂಗೇ ಹೋಗಿದ್ದು’ ಎಂದ. ಗೊರೂರಿನ ಹೇಮಾವತಿ ಅಣೆಕಟ್ಟೆ 1979ರಲ್ಲಿ ಪೂರ್ಣಗೊಂಡಿತು. ಅವನ ಅಪ್ಪ ಆಗ ಮೂರನೇ ಕ್ಲಾಸು. ಮನೆಯ ತೊಲೆ, ಬಾಗಿಲು ಬಿಚ್ಚಿ ಗಾಡಿಗೆ ಹೇರಿಕೊಂಡು ಅರಕಲಗೂಡಿನ ಕಡೆ ಬಂದು ಹೊಸದಾಗಿ ಬದುಕು ಕಟ್ಟಿದರಂತೆ. ಮೂರು ವರ್ಷ ಒಂದೇ ರೂಮಿನಲ್ಲಿದ್ದೂ ಇದು ನಮಗೆ ಗೊತ್ತಿರಲಿಲ್ಲ. ನಾವು ಕೇಳಿಯೂ ಇರಲಿಲ್ಲ.

ಒಂದೇ ಕಡ್ಡಿ ಸಿಗ್ನಲ್‌ನಲ್ಲಿ ಅಜ್ಜಿಗೆ ಫೋನ್ ಮಾಡಿ ಸ್ಪೀಕರ್‌ಗೆ ಹಾಕಿದ. ನಾವಿದ್ದ ಜಾಗದ ಗುರುತು ಹೇಳಿದ. ‘ಅದು ನಮ್ಮೂರಲ್ಲ ಕಣ್ಮಗ. ನಮ್ದು ಇನ್ನೂ ಒಳಕ್ಕೆ. ಅದು ಬೇಸ್ಗೇಲೂ ಮ್ಯಾಲೇಳಲ್ಲ’ ಎಂದರು ಅಜ್ಜಿ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಲ್ಲೇನ್ ಮಾಡ್ತಿದ್ದೀರಿ?’ ಎಂದರು. ಗುಂಡಿ ತೋಡಿ ಚೆಂಡಾಟ ಆಡುತ್ತಿದ್ದೇವೆ ಎಂದ. ಬೈಯುತ್ತಾರೆಂದು ಕಾದೆವು. ‘ಆಡ್ಕಳಿ ಆಡ್ಕಳಿ. ಬರುವಾಗ ಗುಂಡಿ ಮುಚ್ಚಿ ಬನ್ನಿ. ದನ ಕಾಲು ಮುರ್ಕಂತವೆ.’

ಅಷ್ಟೇ. ಫೋನ್ ಕಟ್ಟಾಯಿತು.

ನನ್ನ ಕೈಯಲ್ಲಿದ್ದ ಎಡೆಮಟ್ಟೆ ಆಗ ಭಾರವೆನಿಸಿತು. ನಮ್ಮ ತೋಟಕ್ಕೆ ಬರುವುದು ಹೇಮಾವತಿ ಎಡದಂಡೆ ನಾಲೆಯ ನೀರು. ಪ್ರತಿ ಮಳೆಗಾಲ ನಮ್ಮಪ್ಪ ಪೇಪರಿನಲ್ಲಿ ಮೊದಲು ನೋಡುವುದು ಗೊರೂರಿನ ನೀರಿನ ಮಟ್ಟವನ್ನು. ಅದು 2,922 ಅಡಿ ಮುಟ್ಟಿತೆಂದರೆ ನಮ್ಮ ಮನೆಯಲ್ಲಿ ಹಬ್ಬ. ಆ ನೀರು ಯಾರ ಒರಳುಕಲ್ಲಿನ ಮೇಲೆ ನಿಂತಿದೆಯೆಂದು ನಾನೊಮ್ಮೆಯೂ ಯೋಚಿಸಿರಲಿಲ್ಲ. ಅಣೆಕಟ್ಟೆ ಬೇಡವಾಗಿತ್ತು ಎಂದು ಹೇಳುವ ಧೈರ್ಯ ನನಗಿಲ್ಲ, ಅದರ ನೀರಲ್ಲೇ ಬೆಳೆದವನು ನಾನು. ಆದರೆ ನಾಳೆ ಸೈಟಿನಲ್ಲಿ ನಿಂತು ನಕ್ಷೆ ಬಿಡಿಸಬೇಕಾದ ನಾವು, ನಕ್ಷೆಯ ನೀಲಿ ಬಣ್ಣದಡಿ ಏನಿದೆಯೆಂದು ಒಂದು ಸಲವಾದರೂ ಕೇಳಬೇಕಲ್ಲವೇ?

ಆಟ ಮುಂದುವರಿಯಿತು. ಅಜ್ಜಿಯೇ ಆಡಿ ಎಂದಮೇಲೆ ನಿಲ್ಲಿಸುವುದು ಸರಿಯಲ್ಲವೆಂದು ಅರಕಲಗೂಡೇ ಹಠ ಹಿಡಿದ. ಗೆದ್ದವನೂ ಅವನೇ. ಸಂಜೆ ಒಂಬತ್ತೂ ಚಿಪ್ಪು ಕಿತ್ತು, ಮಣ್ಣು ತುಂಬಿ, ಕಾಲಲ್ಲಿ ಒತ್ತಿ, ಮೇಲೆ ಗರಿಕೆ ಹೊದಿಸಿದೆವು. ಒಮ್ಮೆ ಲೆಕ್ಕ ಮಾಡಿ, ಇನ್ನೊಮ್ಮೆ ಸುತ್ತಿ ಬಂದೆವು.

ವಾಪಸ್ ಬರುವಾಗ ನಾನು ಅವನಿಗೆ, ‘ಇನ್ಮೇಲೆ ನಿನ್ನ ಅಜ್ಜಿ ಊರಿನ ಹೆಸರಲ್ಲೇ ಕರೀತೀವಿ ಕಣೋ’ ಎಂದೆ. ಬೈಕಿನ ಹಿಂದೆ ಕೂತಿದ್ದವನು ಸ್ವಲ್ಪ ದೂರದವರೆಗೆ ಮಾತಾಡಲಿಲ್ಲ.

‘ಬೇಡ, ಅರಕಲಗೂಡೇ ಇರಲಿ. ನಮಗೆ ಜಾಗ ಕೊಟ್ಟ ಊರು ಅದು’ ಎಂದ.